ಎಂಟನೆಯ ಮೂಲೆ

ಆದೋನಿಯ ಶಾಲೆಯೊಂದರಲ್ಲಿ ಬಹುಕಾಲ ಕನ್ನಡವನ್ನೂ ಸಂಸ್ಕೃತವನ್ನೂ ಬೋಧಿಸಿ ನಿವೃತ್ತನಾದ ಮೇಲೆ, ಶಿವನು ನನ್ನ ಕೈಗೆ ಮರಗೆಲಸವನ್ನು ಕರುಣಿಸಿದನು. ಮನೆಯ ಹಿಂದಿನ ತಗಡಿನ ಚಾವಣಿಯ ಕೆಳಗೆ ಒಂದು ಟೇಬಲ್ ಸಾ, ಎಂದರೆ ನಡುವೆ ಗರಗಸದ ಚಕ್ರ ತಿರುಗುವ ಕಬ್ಬಿಣದ ಮೇಜು, ನೆಲೆಗೊಂಡಿತು. ಬೆಳಗಿನ ಪೂಜೆ ಮುಗಿದು ಹಣೆಯ ವಿಭೂತಿ ಆರುವ ಹೊತ್ತಿಗೆ ನಾನು ಅದರ ಮುಂದೆ ನಿಂತಿರುತ್ತೇನೆ. ಮಣೆ, ವ್ಯಾಸಪೀಠ, ಪೂಜಾಸಾಮಗ್ರಿಯ ಪೆಟ್ಟಿಗೆ ಮೊದಲಾದವನ್ನು ಮಾಡಿದ್ದೆ. ಎಲ್ಲವೂ ನೇರ ಕೊಯ್ತದವು, ಎಲ್ಲವೂ ಚೌಕ. ಚೌಕದಾಚೆಗೆ ಹೋಗುವ ಧೈರ್ಯ ನನಗಿರಲಿಲ್ಲ.

ಆ ಧೈರ್ಯವನ್ನು ಬೇಡಿದವಳು ನನ್ನ ಧರ್ಮಪತ್ನಿ. ಕೌತಾಳಂನಲ್ಲಿರುವ ಅವಳ ತವರುಮನೆಯನ್ನು ಹೊಸದಾಗಿ ಕಟ್ಟುವಾಗ, ಹಳೆಯ ತಲೆಬಾಗಿಲಿನ ಸಾಗುವಾನಿ ಚೌಕಟ್ಟನ್ನು ಅವಳ ತಮ್ಮ ನಮಗೆ ಕಳುಹಿಸಿದ್ದನು. ಹುಳು ತಿಂದ ಭಾಗವನ್ನು ತೆಗೆದರೆ ಉಳಿದದ್ದು ಸ್ವಲ್ಪವೇ. ಅವಳ ತಾಯಿ ಪೂಜಿಸುತ್ತಿದ್ದ ಕಂಚಿನ ನಂದಿಗೆ ಆ ಮರದಿಂದಲೇ ಎಂಟು ಮೂಲೆಯ ಪೀಠವಾಗಬೇಕು, ಶ್ರಾವಣದ ಮೊದಲ ಸೋಮವಾರ ನಂದಿ ಅದರ ಮೇಲೆ ಕೂರಬೇಕು ಎಂಬುದು ಅವಳ ಸಂಕಲ್ಪ. ಅಳೆದು ನೋಡಿದೆ. ಮರ ಒಂದೇ ಪೀಠಕ್ಕೆ ಸಾಕಾಗುವಷ್ಟಿತ್ತು. ಒಮ್ಮೆ ಕೆಟ್ಟರೆ ಆ ಬಾಗಿಲು ಮತ್ತೆ ಬರುವಂತಿರಲಿಲ್ಲ.

"ಪ್ಯಾಟ್ಯಾಗಿನ ಬಡಿಗ್ಯಾರಿಗೆ ಕೊಡೋಣೇನು?" ಎಂದು ನಾನೇ ಕೇಳಿದೆ.

"ನಮ್ಮವ್ವ ದಿನಾ ಅರಿಶಿಣ ಹಚ್ಚಿ ಕೈ ಮುಗೀತಿದ್ದ ಬಾಗ್ಲ ಅದು. ನೀವ ಮಾಡ್ರಿ. ಆಗಲ್ಲಂದ್ರ ಹಂಗ ಇರ್ಲಿ ಬಿಡ್ರಿ," ಎಂದಳು.

ಎಂಟು ತುಂಡುಗಳ ಎರಡೂ ತುದಿಗಳನ್ನು ಇಪ್ಪತ್ತೆರಡೂವರೆ ಡಿಗ್ರಿ ಓರೆಯಾಗಿ ಕೊಯ್ದು ಜೋಡಿಸಿದರೆ ಎಂಟು ಮೂಲೆಯ ಅಂಚು ಕೂಡಿಕೊಳ್ಳುತ್ತದೆ. ಆ ಓರೆಯನ್ನು ಹಿಡಿದುಕೊಡುವ ಸಾಧನಕ್ಕೆ ಮೈಟರ್ ಗೇಜ್ ಎನ್ನುತ್ತಾರೆ. ಮೇಜಿನಲ್ಲಿ ಉದ್ದಕ್ಕೆ ಕೊರೆದ ಗಾಡಿಯೊಳಗೆ, ಎಂದರೆ ಕಾಲುವೆಯಂಥ ತೋಡಿನೊಳಗೆ, ಹಿಂದೆಮುಂದೆ ಜಾರುವ ಒಂದು ಉಕ್ಕಿನ ಪಟ್ಟಿ, ಅದರ ತಲೆಯ ಮೇಲೆ ಡಿಗ್ರಿಗಳನ್ನು ಕೆತ್ತಿದ ಅರ್ಧಚಂದ್ರ. ಇಷ್ಟೇ ಅದರ ಸ್ವರೂಪ. ಯಂತ್ರದೊಡನೆ ಬಂದಿದ್ದ ಗೇಜಿನ ಪಟ್ಟಿ ಸಡಿಲವಾಗಿದ್ದು ಅಲುಗುತ್ತಿತ್ತು. ಬೇವಿನ ಚೂರುಗಳಲ್ಲಿ ಪರೀಕ್ಷಿಸಿದಾಗ ಏಳು ಮೂಲೆಗಳು ವಿನಯದಿಂದ ಕೂಡಿಕೊಂಡವು. ಎಂಟನೆಯದು ಬಾಯಿ ತೆರೆದು ನಿಂತಿತು. ಪ್ರತಿ ಕೊಯ್ತದಲ್ಲಿ ಕೂದಲೆಳೆಯಷ್ಟು ಆದ ತಪ್ಪು ಕೂಡುತ್ತ ಬಂದು ಕೊನೆಯ ಮೂಲೆಯಲ್ಲಿ ಒಟ್ಟಾಗಿ ದರ್ಶನ ಕೊಡುತ್ತದೆ.

ನೆರೆಮನೆಯಲ್ಲಿರುವ ನನ್ನ ಗೆಳೆಯರೊಬ್ಬರು ಹತ್ತಿಯ ವ್ಯಾಪಾರಿ. ಅಂಗಡಿಗೆ ಹೋಗುವ ಮುನ್ನ ನನ್ನ ಚಾವಣಿಯ ಕೆಳಗೆ ಬಂದು ನಿಲ್ಲುವುದು ಅವರ ನಿತ್ಯಕರ್ಮ. ಬಾಯಿ ತೆರೆದ ಮೂಲೆಯನ್ನು ಕಂಡು ಅವರಿಗೆ ಬಹಳ ಸಂತೋಷವಾಯಿತು.

"ಏನ್ ಮಾಸ್ಟಾರು, ಜೀವಮಾನ ಎಲ್ಲಾ ಸಂಧಿ ಪಾಠ ಹೇಳೀರಿ, ಕಟ್ಟಿಗಿ ಸಂಧಿ ಕೂಡವಲ್ದಲ್ರಿ!"

"ಗೇಜ್ ಅಲುಗ್ತೈತ್ರಿ, ನಾ ಏನ್ ಮಾಡ್ಲಿ?"

"ಹಂಗಾದ್ರ ಇದರಾಗ ಕುದುರೂದಿಲ್ಲ. ಬ್ಯಾರೆ ಕಂಪನಿ ಗೇಜ್ ಸಿಗ್ತಾವಂತ. ತಡೀರಿ, ಫೋನಿನ್ಯಾಗ ನಾನ ಆರ್ಡರ್ ಹಾಕ್ತೀನಿ."

ಹೊಸ ಗೇಜು ಬಂದ ದಿನದ ಆನಂದವನ್ನು ಹೇಗೆ ಹೇಳಲಿ! ಪಟ್ಟಿಯ ಬದಿಯಲ್ಲಿ ಪುಟ್ಟ ತಿರುಪುಗಳಿದ್ದವು. ಅವನ್ನು ತಿರುಗಿಸಿದರೆ ಪಟ್ಟಿ ಗಾಡಿಯ ಅಗಲಕ್ಕೆ ಸರಿಯಾಗಿ ಹಿಗ್ಗಿ ನಿಲ್ಲುತ್ತಿತ್ತು. ಅರ್ಧಚಂದ್ರದ ಅಂಚಿನಲ್ಲಿ ಮುಖ್ಯವಾದ ಕೋನಗಳಿಗೆಲ್ಲ ಒಂದೊಂದು ರಂಧ್ರ. ತಲೆಯನ್ನು ತಿರುಗಿಸಿದಾಗ ಸ್ಪ್ರಿಂಗಿನ ಮೊಳೆಯೊಂದು ಆಯಾ ರಂಧ್ರದೊಳಗೆ ಟಕ್ಕೆಂದು ಇಳಿದು ಕೋನವನ್ನು ಬಂಧಿಸಬೇಕು. ನಾನು ಎರಡೂ ಕೈಗಳಿಂದ ಅದನ್ನೆತ್ತಿಕೊಂಡು ಗರಗಸದ ಕಡೆಗೆ ಹೊರಟೆ.

"ನಿಲ್ರಿ! ಪೂಜಿ ಮಾಡ್ಲಾರ್ದ ಹೊಂಟ್ರಲ್ಲ," ಎಂದು ಮನೆಯವಳು ತಡೆದಳು.

ಹೌದು, ಪೂಜೆಯಿಲ್ಲದೆ ಹೊಸ ವಸ್ತುವನ್ನು ಕೆಲಸಕ್ಕೆ ಹಚ್ಚುವ ವಾಡಿಕೆ ನಮ್ಮ ಮನೆಯಲ್ಲಿಲ್ಲ. ಅವಳು ಗೇಜನ್ನು ಮಣೆಯ ಮೇಲಿರಿಸಿ, ಗಟ್ಟಿಯಾಗಿ ಕಲಸಿದ ವಿಭೂತಿಯಿಂದ ಅರ್ಧಚಂದ್ರದ ಅಂಚಿನವರೆಗೂ ಮೂರು ಎಳೆ ಎಳೆದು, ನಡುವೆ ಕುಂಕುಮವಿಟ್ಟು, ಕಣಗಿಲೆ ಹೂವೇರಿಸಿ, ಕಾಯಿ ಒಡೆದಳು. ಆ ಉಕ್ಕಿನ ಹಣೆ ಎಷ್ಟು ಶೋಭಿಸುತ್ತಿತ್ತೆಂದರೆ, ನಾನು ಸುಮ್ಮನೆ ನೋಡುತ್ತ ಕುಳಿತುಬಿಟ್ಟೆ. ಹಚ್ಚಿದ ವಿಭೂತಿಯನ್ನು ನಾವು ಒರೆಸುವುದಿಲ್ಲ. ಅದು ತಾನಾಗಿ ಉದುರಬೇಕು.

ಮರುದಿನ ಭಾನುವಾರ, ಸಂಕಲ್ಪದ ಸೋಮವಾರಕ್ಕೆ ಮುಂಚಿನ ದಿನ. ಬೇವಿನ ಚೂರುಗಳನ್ನು ಹೊಸ ಗೇಜಿನಲ್ಲಿ ಕೊಯ್ದು ಜೋಡಿಸಿದೆ. ಏಳು ಕೂಡಿದವು. ಎಂಟನೆಯದು ಮತ್ತೆ ಬಾಯಿ ತೆರೆಯಿತು.

"ಕಾಯಿ ಒಂದ ಒಡ್ದಿದ್ದು ಸಾಲಲಿಲ್ಲ ಕಾಣ್ತೈತಿ," ಎಂದರು ಗೆಳೆಯರು.

ನನಗೆ ನಗೆ ಬರಲಿಲ್ಲ. ಅಕ್ಕಿ ಆರಿಸುತ್ತ ಹಿತ್ತಲ ಬಾಗಿಲಲ್ಲಿ ಕುಳಿತಿದ್ದ ನನ್ನವಳು ಮುಖವೆತ್ತದೆಯೇ ಹೇಳಿದಳು: "ಹೋಗ್ಲಿ ಬಿಡ್ರಿ. ಮುಂದಿನ ಶ್ರಾವಣಕ್ಕ ಮಾಡಿದ್ರಾತು." ಆ ಮಾತಿನಲ್ಲಿ ಮುನಿಸಿರಲಿಲ್ಲ, ಅದಕ್ಕಾಗಿಯೇ ನನಗೆ ಹೆಚ್ಚು ನೋವಾಯಿತು. ಸಾಗುವಾನಿಗೆ ಕೈಹಚ್ಚುವ ಧೈರ್ಯವಿರಲಿಲ್ಲ. ಏನೂ ತೋಚದೆ ಗೇಜಿನ ತಲೆಯನ್ನು ಒಂದು ತುದಿಯಿಂದ ಮತ್ತೊಂದಕ್ಕೆ ತಿರುಗಿಸತೊಡಗಿದೆ. ಟಕ್. ಟಕ್. ಮತ್ತೆ ಟಕ್.

ಅಕ್ಕಿಯ ಮೊರ ಸದ್ದು ನಿಲ್ಲಿಸಿತು. "ಏನ್ರಿ, ಅಲ್ಲೆಲ್ಲಾ ಟಕ್ ಅಂತು, ಈಗ್ಯಾಕ ಅನ್ನಲಿಲ್ಲ?"

ಮೊಳೆ ನಿಂತಿದ್ದುದು ಇಪ್ಪತ್ತೆರಡೂವರೆಯ ಮೇಲೆ. ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದೆ. ಆ ಒಂದು ರಂಧ್ರದ ತುಂಬ ವಿಭೂತಿ, ಒಣಗಿ ಸುಣ್ಣದ ಗಾರೆಯಂತೆ ಬಿಗಿದುಕೊಂಡಿತ್ತು! ಮೊಳೆ ಒಳಗಿಳಿಯಲಾರದೆ ಮೇಲೆಯೇ ಕುಳಿತಿತ್ತು. ಕೋನ ಕೂದಲೆಳೆಯಷ್ಟು ಜಾರಿತ್ತು.

"ಅಯ್ಯ ಶಿವನ! ನಾ ಹಚ್ಚಿದ್ದ ಅಡ್ಡಾತಲ್ರಿ!" ಎಂದು ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಉಕ್ಕಿ ಬಂದ ನಗೆಯಲ್ಲಿ ಗೆಳೆಯರೂ ಸೇರಿಕೊಂಡರು. ಉರಿದುಳಿದ ಊದುಬತ್ತಿಯ ಕಡ್ಡಿಯಿಂದ ನಾನು ಮೆಲ್ಲನೆ ಕೆದಕಿದೆ. ವಿಭೂತಿ ನೆಲಕ್ಕೆ ಬೀಳಬಾರದೆಂದು ಅವಳು ಅಂಗೈಯೊಡ್ಡಿ ಹಿಡಿದು, ಹಿಡಿದದ್ದನ್ನು ನನ್ನ ಹಣೆಗೆ ಹಚ್ಚಿದಳು.

"ನಂಗೂ ಒಂದೀಟು ಹಚ್ಚಮ್ಮ, ಆರ್ಡರ್ ಹಾಕ್ದವ ನಾನು," ಎಂದು ಗೆಳೆಯರೂ ತಲೆ ಬಾಗಿಸಿದರು.

ಮೊಳೆ ಟಕ್ಕೆಂದು ಇಳಿಯಿತು. ಬೇವಿನ ಹೊಸ ಚೂರುಗಳು ಮೊದಲ ಯತ್ನದಲ್ಲೇ ಕೂಡಿದವು. ಆಮೇಲೆ ಶಿವನಾಮವನ್ನು ನೆನೆದು ಸಾಗುವಾನಿಯನ್ನು ಗೇಜಿಗೆ ಒರಗಿಸಿದೆ. ಗರಗಸ ತಾಗಿದೊಡನೆ, ಅಷ್ಟು ವರ್ಷ ಬಿಸಿಲು ಕುಡಿದಿದ್ದ ಆ ಮರದೊಳಗಿಂದ ಎಣ್ಣೆಯ ಹಸಿ ಪರಿಮಳ ಹೊಮ್ಮಿತು. ನನ್ನವಳು ಮೊರವನ್ನು ಬಿಟ್ಟು ಬಂದು ಪಕ್ಕದಲ್ಲಿ ನಿಂತಿದ್ದಳು. ಒಂದೊಂದು ತುಂಡು ಬಿದ್ದಂತೆ ಎತ್ತಿ ಸೆರಗಿನಿಂದ ಒರೆಸಿ ಸಾಲಾಗಿ ಇಡುತ್ತಿದ್ದಳು. ಅಂಟು ಸವರಿ, ಎಂಟನ್ನೂ ಸುತ್ತ ನಿಲ್ಲಿಸಿ, ಹಗ್ಗದಿಂದ ಬಿಗಿದೆ. ಅವಳು ತನ್ನ ತಲೆಯ ಒಂದು ಕೂದಲನ್ನು ಕಿತ್ತು ಎಂಟನೆಯ ಮೂಲೆಯ ಸಂದಿಗೆ ಒತ್ತಿ ನೋಡಿದಳು.

"ಹೋಗವಲ್ದು!" ಎಂದು ಚಿಕ್ಕ ಹುಡುಗಿಯಂತೆ ಕೂಗಿದಳು. "ಏನ್ರಿ, ಕೂದ್ಲಾ ಸುದ್ದಾ ಹೋಗವಲ್ದು!"

ಸೋಮವಾರ ಬೆಳಿಗ್ಗೆ ನಂದಿ ಪೀಠವನ್ನೇರಿ ಕುಳಿತನು. ಪೂಜೆಯ ಮಂಗಳಾರತಿ ಆರುವ ಮೊದಲೇ ಅವಳು ತಮ್ಮನಿಗೆ ಫೋನು ಮಾಡಿದಳು: "ಬಸ್ ಹತ್ತಿ ಬಾರೋ ತಮ್ಮಾ. ಬಾಗ್ಲ ಏನಾಗೈತಿ ನೋಡೀಯಂತ. ಏಳು ಮೂಲಿ ನಿಮ್ಮ ಮಾವನ್ನ ನಗಿಸಿದ್ವು, ಎಂಟನೇದು ಅಳಿಸ್ತು. ಆ ಅಳಿಸಿದ ಮೂಲಿ ಯಾವುದು, ಹುಡುಕು ಬಾ!"

ಅವನು ಮಧ್ಯಾಹ್ನಕ್ಕೆ ಬಂದನು. ಕಾಲು ತೊಳೆದವನೇ ದೇವರ ಮನೆಗೆ ಹೋಗಿ, ಪೀಠದ ಸುತ್ತ ಬೆರಳಾಡಿಸಿ, ಮತ್ತೊಮ್ಮೆ ಆಡಿಸಿ, ಸೋತು ನನ್ನ ಕಡೆಗೆ ತಿರುಗಿದನು.

"ಯಾವ್ದು ಮಾವಾ?"

ನಾನೂ ಬಗ್ಗಿ ನೋಡಿದೆ. ನನಗೂ ತಿಳಿಯಲಿಲ್ಲ.