ಖಡಕ್ ರೊಟ್ಟಿ ಮತ್ತು ಒಂದು ದವಡೆ

ಭಾಲ್ಕಿಯ ನಮ್ಮ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಒಂದು ಬಿದಿರಿನ ಬುಟ್ಟಿ ಇದೆ. ಬುಟ್ಟಿಯ ಮೇಲೆ ಸದಾ ಒಂದು ಬಿಳಿಯ ಬಟ್ಟೆ, ಬಟ್ಟೆಯ ಕೆಳಗೆ ಸದಾ ಖಡಕ್ ರೊಟ್ಟಿ. ತೇವವೆಲ್ಲ ಆರುವ ತನಕ ಬೆಂಕಿಯ ಮಗ್ಗುಲಿಗೆ ನಿಲ್ಲಿಸಿ ಒಣಗಿಸಿದ ಜೋಳದ ರೊಟ್ಟಿ ಅದು. ಎಷ್ಟೋ ದಿನ ಇಟ್ಟರೂ ಕೆಡುವುದಿಲ್ಲ, ಹಪ್ಪಳದ ಹಾಗೆ ಬಿರುಸಾಗಿ ಉಳಿಯುತ್ತದೆ. ನಂಜಿಕೊಳ್ಳಲು ಶೇಂಗಾ ಹಿಂಡಿ, ಎಂದರೆ ಕಡಲೆಕಾಯಿಯ ಚಟ್ನಿಪುಡಿ. ನೀವು ನಮ್ಮ ಕಡೆಯವರಾದರೆ ಅದನ್ನು ಕಡಿಯುವ ಸದ್ದು ಈಗಾಗಲೇ ನಿಮ್ಮ ಕಿವಿಯಲ್ಲಿ ಆಗಿರಬೇಕು. ದೂರದವರಾದರೆ, ಒಣಗಿದ ಎಲೆಗಳ ಮೇಲೆ ಯಾರೋ ಮೆಲ್ಲಗೆ ಕಾಲಿಟ್ಟರು ಎಂದುಕೊಳ್ಳಿ. ಅತ್ತೆ, ನನ್ನ ಗಂಡ ಸಂಗಮೇಶ, ನಾನು, ಮೂವರೂ ಊಟಕ್ಕೆ ಕುಳಿತಾಗ ಮಾತಿಲ್ಲದಿದ್ದರೂ ಮನೆಯಲ್ಲಿ ಮೌನ ಇರುತ್ತಿರಲಿಲ್ಲ. ಒಬ್ಬೊಬ್ಬರ ಸದ್ದು ಒಂದೊಂದು ಬಗೆ. ಅತ್ತೆಯದು ಎಲ್ಲರಿಗಿಂತ ಜೋರು. ಈ ವಯಸ್ಸಿನಲ್ಲೂ ಒಂದು ಹಲ್ಲೂ ಬಿದ್ದಿಲ್ಲ ಎನ್ನುವುದು ಯಾವ ಒಡವೆಯ ಮೇಲೂ ಆಸೆ ಇಲ್ಲದ ಆ ಹೆಂಗಸಿನ ಒಂದೇ ಒಂದು ಗರ್ವ.

ಒಂದು ಶ್ರಾವಣದಲ್ಲಿ ಆ ಸದ್ದುಗಳಲ್ಲಿ ನನ್ನದು ನಿಂತುಹೋಯಿತು. ಅದನ್ನು ನಿಮಗೆ ಹೇಳಬೇಕೆಂದಿದ್ದೇನೆ. ನಿಧಾನವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಔರಾದಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ದಿನವೂ ಭಾಲ್ಕಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ಶ್ರಾವಣಕ್ಕೆ ಕೆಲವು ವರ್ಷ ಮೊದಲು ನನ್ನ ಮನಸ್ಸು ಬಿದ್ದುಹೋಗಿತ್ತು. ಬೇರೆ ಯಾವ ಪದವೂ ನನಗೆ ಸರಿ ಎನ್ನಿಸುವುದಿಲ್ಲ. ಯಾರೂ ಸತ್ತಿರಲಿಲ್ಲ, ಯಾರೂ ನೋಯಿಸಿರಲಿಲ್ಲ, ಕಾರಣ ಕೇಳಿದವರಿಗೆ ಕೊಡಲು ನನ್ನ ಬಳಿ ಒಂದು ಸಣ್ಣ ಕಾರಣವೂ ಇರಲಿಲ್ಲ. ಬೆಳಗಾಗುತ್ತಿತ್ತು, ಮತ್ತು ಬೆಳಗಾಯಿತಲ್ಲ ಎಂದು ಅಳು ಬರುತ್ತಿತ್ತು, ಅಷ್ಟೇ. ಸಂಗಮೇಶ ನನ್ನನ್ನು ಬೀದರಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರಮ್ಮ ಅದನ್ನು ಖಿನ್ನತೆ ಎಂದರು, ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಗುಳಿಗೆ ನನ್ನನ್ನು ಎತ್ತಿ ಕೂರಿಸಿತು, ಆಮೇಲೆ ನಿಲ್ಲಿಸಿತು. ಅತ್ತೆಗೆ ನಾವು ಹೇಳಿದ್ದು ‘ಶಕ್ತಿ ಗುಳಿಗೆ’ ಎಂದು. ಅದು ಪೂರ್ತಿ ಸುಳ್ಳೂ ಅಲ್ಲ ಎಂದು ಆಗ ಸಮಾಧಾನ ಮಾಡಿಕೊಂಡಿದ್ದೆವು.

ನಮ್ಮ ಮನೆಯಲ್ಲಿ ಶ್ರಾವಣ ಹಿಡಿಯುತ್ತಾರೆ. ಎಂದರೆ, ಆ ತಿಂಗಳು ಮುಗಿಯುವ ತನಕ ಪ್ರತಿಯೊಬ್ಬರೂ ತಮಗೆ ರೂಢಿಯಾದ ಒಂದು ವಸ್ತುವನ್ನು ಬಿಡಬೇಕು. ಮೊದಲ ದಿನ ಬೆಳಿಗ್ಗೆ ಪೂಜೆಯಾದ ಮೇಲೆ ಯಾರು ಏನು ಬಿಡುತ್ತಾರೆಂದು ದೇವರ ಮುಂದೆ ಹೇಳಬೇಕು. ಆ ವರ್ಷ ಅತ್ತೆ ಚಹಾ ಬಿಟ್ಟರು. ಸಂಗಮೇಶ ಗಂಟಲು ಸರಿಮಾಡಿಕೊಂಡು, “ನಾ ಹಾಗಲಕಾಯಿ ಬಿಟ್ಟೆ ನೋಡವ್ವಾ,” ಎಂದರು.

“ಹೋದ್ ವರ್ಷ ಬದ್ನಿಕಾಯಿ ಬಿಟ್ಟಿದ್ದಿ. ನಿನಗ ಸೇರಲಾರದ್ದ್ ಬಿಟ್ಟರ ಅದೇನ್ ನೇಮೋ ಸಂಗ್ಯಾ? ದೇವರೇನ್ ಹುಚ್ಚದಾನ? ಪಾನ್ ಬಿಡು.”

“ಪಾನ್ ಬಿಟ್ಟರ ಜೀವಾ ಹೋಗ್ತದವ್ವಾ.”

“ಹೋಗ್ಲಿ. ಶ್ರಾವಣದಾಗ ಹೋದ್ರ ಪುಣ್ಯ ಅದ.”

ಪಾನು ಹೋಯಿತು. ಅತ್ತೆ ನನ್ನ ಕಡೆ ತಿರುಗಿದರು. “ನಿಂದೇನವ್ವಾ ಸುವರ್ಣಾ?”

ನಾನು ಆ ತಿಂಗಳುಗಳಲ್ಲಿ ಚೆನ್ನಾಗಿದ್ದೆ. ಪಾಠದ ನಡುವೆ ನಗುತ್ತಿದ್ದೆ, ಬಸ್ಸಿನ ಕಿಟಕಿಯಿಂದ ಕಬ್ಬಿನ ಹೊಲ ನೋಡಿದರೆ ಅದು ಹಸಿರಾಗಿ ಕಾಣುತ್ತಿತ್ತು. ಚೆನ್ನಾಗಿರುವವಳಿಗೆ ಗುಳಿಗೆ ಯಾಕೆ ಎಂಬ ಪ್ರಶ್ನೆ ಕೆಲ ದಿನಗಳಿಂದ ತಲೆಯಲ್ಲಿ ಸುತ್ತುತ್ತಿತ್ತು. ಅದೇ ಗಳಿಗೆಯಲ್ಲಿ ಅದಕ್ಕೆ ಒಂದು ಪವಿತ್ರವಾದ ಉತ್ತರ ಸಿಕ್ಕಂತಾಯಿತು. “ನಾನೂ ಒಂದ್ ಬಿಟ್ಟೀನ್ರಿ ಅತ್ತಿ. ಅದನ್ನ ಹೇಳಂಗಿಲ್ಲ,” ಎಂದೆ. ಮನಸ್ಸಿನಲ್ಲಿ ಇಟ್ಟುಕೊಂಡ ನೇಮ ಇನ್ನೂ ದೊಡ್ಡದು ಎಂದು ಅತ್ತೆ ನನ್ನ ಹಣೆಗೆ ವಿಭೂತಿ ಹಚ್ಚಿದರು. ನೋಡಿ, ವಿಜ್ಞಾನ ಕಲಿಸುವ ನಾನು, ಯಾವುದೇ ದ್ರಾವಣವನ್ನು ಒಮ್ಮೆಲೇ ಕಾಯಿಸಬೇಡಿ, ಒಮ್ಮೆಲೇ ತಣಿಸಬೇಡಿ, ಗಾಜು ಸೀಳುತ್ತದೆ ಎಂದು ಪ್ರತಿ ವರ್ಷ ಮಕ್ಕಳಿಗೆ ಎಚ್ಚರಿಕೆ ಕೊಡುವ ನಾನು, ಹಾಗಲಕಾಯಿ ಬಿಡುವಷ್ಟು ಸಲೀಸಾಗಿ ಆ ಗುಳಿಗೆಯನ್ನು ಬಿಟ್ಟೆ.

ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಬಸ್ಸಿನಲ್ಲಿ ಕತ್ತು ಹೊರಳಿಸಿದಾಗ ತಲೆಯೊಳಗೆ ಚಕ್ಕನೆ ಕರೆಂಟು ಹೋಗಿ ಬಂದಂತಾಯಿತು. ಮತ್ತೆ ಹೊರಳಿಸಿದೆ, ಮತ್ತೆ ಆಯಿತು. ಅದರ ಹಿಂದೆಯೇ ದವಡೆ ನೋವು ಬಂತು. ಎದ್ದಾಗ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಕಚ್ಚಿ ಹಿಡಿದಿರುತ್ತಿತ್ತು; ಬಿಡಿಸಿದರೆ ಕಿವಿಯ ಮುಂದೆ, ಕೀಲು ಇರುವಲ್ಲಿ, ಬಿಸಿ ಮೊಳೆ ಇಟ್ಟ ಹಾಗೆ. ನೋವು ಕಪಾಲದವರೆಗೆ ಏರಿ ಅಲ್ಲಿ ಕೂತುಬಿಡುತ್ತಿತ್ತು. ನಾಲಿಗೆಯ ಅಂಚಿನ ತುಂಬ ನನ್ನದೇ ಹಲ್ಲಿನ ಗುರುತುಗಳು. ಔರಾದು ಮಹಾರಾಷ್ಟ್ರಕ್ಕೆ ಹತ್ತಿರ. ಅಲ್ಲಿಯ ಕೆಲವು ಹುಡುಗಿಯರು ಮರಾಠಿಯ ರೂಢಿಯಂತೆ ಟೀಚರನ್ನು ‘ಬಾಯಿ’ ಎಂದೇ ಕರೆಯುತ್ತಾರೆ. ಬಾಯಿ, ಬಾಯಿ ಎಂದು ಅವರು ಕೈ ಎತ್ತಿದಾಗ ನನ್ನ ಕನ್ನಡದ ಬಾಯಿ ಒಂದು ಬೆರಳು ಅಗಲವೂ ತೆರೆಯಲು ಒಪ್ಪುತ್ತಿರಲಿಲ್ಲ. ಪಾಠವನ್ನು ಹಲಗೆಯ ಮೇಲೆ ಬರೆದು ಮುಗಿಸತೊಡಗಿದೆ.

ಮನೆಯಲ್ಲಿ ನಾನು ರೊಟ್ಟಿ ಬಿಟ್ಟು ಅನ್ನ ಹಿಸುಕಿಕೊಳ್ಳುವುದನ್ನು ಅತ್ತೆ ಕಂಡರು. ಬುದ್ಧಿ ಹಲ್ಲು ಬರುತ್ತಿದೆ ಎಂದು ತೀರ್ಪಾಯಿತು.

“ಮೂವತ್ತೆಂಟಕ್ಕ ಬುದ್ಧಿ ಬರ್ಲತ್ತದ ನಿನ್ನ ಹೇಣತಿಗಿ,” ಎಂದು ಮಗನಿಗೆ ಹೇಳಿ, ಲವಂಗ ಕುಟ್ಟಿ ಒಸಡಿಗೆ ಒತ್ತಿದರು. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕೆನ್ನೆಗೆ ಶಾಖ ಕೊಟ್ಟರು. ಶಾಖದಿಂದ ತುಸು ಹಿತವಾಗುತ್ತಿತ್ತು, ಅದನ್ನು ಹೇಳಲೇಬೇಕು. ಊರಿನ ಹಲ್ಲಿನ ಡಾಕ್ಟರು ಬಾಯಿ ನೋಡಿ, “ಹಲ್ಲ್ ಗಟ್ಟಿ ಅವರಿ. ಸಿಟ್ಟಿಗಿ ಬಂದವರಂಗ ಕಚ್ಚಿ ಹಿಡೀಲತ್ತೀರಿ. ಏನರೆ ಗುಳಿಗಿ ತಗೋತೀರೇನ್ರಿ?” ಎಂದು ಕೇಳಿದರು. “ಇಲ್ರಿ,” ಎಂದೆ. ಆ ಉತ್ತರದಲ್ಲಿ ಸುಳ್ಳಿರಲಿಲ್ಲ, ನಿಜವೂ ಇರಲಿಲ್ಲ.

ನನಗೆ ದವಡೆಗಿಂತ ಹೆಚ್ಚಾಗಿ ಹೆದರಿಕೆ ಹುಟ್ಟಿಸಿದ್ದು ಬೇರೆ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕಿಟಕಿಯ ಬಿಸಿಲು ನೋಡುತ್ತ ಕೂತಿದ್ದಾಗ ಕಣ್ಣೀರು ಸುರಿಯಿತು, ಕಾರಣವಿಲ್ಲದೆ, ಹಿಂದಿನ ಹಾಗೆಯೇ. ಅದು ಮತ್ತೆ ಬಂತೇ? ಅದು ಎಲ್ಲಿಗೂ ಹೋಗಿರಲೇ ಇಲ್ಲವೇ, ನಗುತ್ತಿದ್ದವಳು ನಾನಲ್ಲವೇ, ಗುಳಿಗೆಯೇ? ಈ ಪ್ರಶ್ನೆಯನ್ನು ಒಬ್ಬಳೇ ಇಟ್ಟುಕೊಂಡಿರಲು ಆಗಲಿಲ್ಲ. ಅಂದು ಸಂಜೆ ಸಂಗಮೇಶನಿಗೆ ಎಲ್ಲವನ್ನೂ ಹೇಳಿದೆ. ಅವರ ತುಟಿ ಕೆಂಪಾಗಿತ್ತು. ಕದ್ದು ಪಾನು ಹಾಕಿ ಅವರು ನೇಮ ಮುರಿದಿದ್ದರು ಎಂದು ಕಂಡು ನನಗೆ ವಿಚಿತ್ರವಾದ ಧೈರ್ಯ ಬಂತು.

ಮರುದಿನ ಬೀದರಿಗೆ ಹೋದೆವು. ಡಾಕ್ಟರಮ್ಮ ಬೈಯಲಿಲ್ಲ. ಎಲ್ಲ ಕೇಳಿಕೊಂಡು, “ಔರಾದ್ ಬಸ್ ಜೋರ್ ಓಡ್ಲತ್ತಿರ್ತದ. ನೀವು ಬಾಗ್ಲಾ ತಗದ್ ಹಾರ್ತೀರೇನ್ರಿ ಟೀಚರ್?” ಎಂದರು.

“ಇಲ್ರಿ. ಸ್ಟಾಪ್ ಬಂದ ಮ್ಯಾಲ ಇಳೀತೀನ್ರಿ.”

“ಈ ಸಲ ಹಾರಿಬಿಟ್ಟೀರಿ. ಅದಕ್ಕೇ ಮೈ ಈ ಪರಿ ನೊಂದದ. ಹಳೀ ಬ್ಯಾನಿ ಬಂದದ ಅಂತ ಈಗೇ ತಿಳ್ಕೋಬ್ಯಾಡ್ರಿ. ಗುಳಿಗಿ ಮತ್ತ ಚಾಲೂ ಮಾಡೋಣು. ಆಮ್ಯಾಲ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ಕೋತ ಹೋಗೋಣು. ತಿಂಗಳಾನುಗಟ್ಲೆ ಹಿಡೀತದ, ಸಬರ್ ಬೇಕು, ತಾಳ್ಮಿ ಬೇಕು.”

“ಶ್ರಾವಣ ಮುಗಿಯೋ ತನಕ ತಡೀಬಹುದೇನ್ರಿ? ದೇವರ ಮುಂದ ಬಿಟ್ಟೀನಿ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ನಿಮ್ಮ ದೇವರು ಆ ಗುಳಿಗಿ ತಗೊಂಡ್ ಏನ್ ಮಾಡ್ತಾನ್ರಿ?” ಎಂದರು.

ನಗು ಬಂತು, ನಕ್ಕರೆ ದವಡೆ ನೋಯಿತು. ಹೊರಡುವಾಗ ಅವರು ಒಂದು ಅಭ್ಯಾಸ ಹೇಳಿಕೊಟ್ಟರು: ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಸುಮ್ಮನೆ ಮಲಗಿರಲಿ. ನೆನಪಾದಾಗಲೆಲ್ಲ ಹೀಗೆ ಮಾಡಬೇಕು. ನೀವೂ ಒಮ್ಮೆ ಮಾಡಿ ನೋಡಿ. ಇದನ್ನು ಓದುತ್ತಿರುವಾಗ ನಿಮ್ಮ ಹಲ್ಲುಗಳು ಒಂದನ್ನೊಂದು ಹಿಡಿದುಕೊಂಡಿರಲಿಲ್ಲವೇ? ನಾನು ಬಸ್ಸಿನಲ್ಲಿ ಹೀಗೆ ಮಾಡುತ್ತ ಮಾಡುತ್ತ ಒಂದು ಸಂಗತಿ ಗಮನಿಸಿದೆ. ನಮ್ಮ ಮಾತಿನಲ್ಲಿ ಸಹನೆ ಎಂದರೆ ಹಲ್ಲು ಕಚ್ಚುವುದು. ಹಲ್ಲು ಕಚ್ಚಿ ಸಂಸಾರ ಮಾಡಿದಳು, ಹಲ್ಲು ಕಚ್ಚಿ ದುಡಿದನು ಎಂದು ಹೊಗಳುತ್ತೇವೆ. ಕಚ್ಚಿದ ಹಲ್ಲನ್ನು ಬಿಡಿಸಿದವರನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ. ಆದರೆ ಬಿಡಿಸುವುದೇ ಕಷ್ಟ. ಕಚ್ಚಲು ನಾವು ಏನೂ ಮಾಡಬೇಕಿಲ್ಲ, ಅದು ನಿದ್ದೆಯಲ್ಲೂ ಆಗುತ್ತದೆ. ಬಿಡಿಸಲು ಮಾತ್ರ ಎಚ್ಚರ ಬೇಕು, ದಿನವಿಡೀ, ಹಠವಿಲ್ಲದ ಒಂದು ಎಚ್ಚರ.

ಅತ್ತೆಗೆ ಹೇಳುವುದು ಉಳಿದಿತ್ತು. ಹೇಳದೆ ಗುಳಿಗೆ ನುಂಗಿಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವರು ನನ್ನ ಹಣೆಗೆ ಹಚ್ಚಿದ ವಿಭೂತಿಯ ತಂಪು ನೆನಪಿಗೆ ಬರುತ್ತಿತ್ತು. ಅವರು ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಹೇಳಿದೆ: ಆ ಗುಳಿಗೆ ಯಾವುದಕ್ಕೆಂದು, ನಾನು ಬಿಟ್ಟದ್ದು ಏನೆಂದು, ಈಗ ಮತ್ತೆ ತೆಗೆದುಕೊಳ್ಳಬೇಕಾಗಿದೆ ಎಂದು. ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಕಪ್ಪಾಗತೊಡಗಿತು. ಅವರು ಅದನ್ನು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

“ಇಷ್ಟ್ ವರ್ಷ ನನ್ನ ಮನ್ಯಾಗ ಅಳಕೋತ ಇದ್ದಿ, ನನಗ ಶಕ್ತಿ ಗುಳಿಗಿ ಅಂತಂದ್ರಿ,” ಎಂದರು ಕೊನೆಗೆ. “ನಾ ಏನ್ ಹುಲಿ ಇದ್ದೇನೇನ?”

“ನಿಮಗ್ ಹ್ಯಾಂಗ ಹೇಳ್ಬೇಕಂತ ತಿಳೀಲಿಲ್ರಿ ಅತ್ತಿ.”

“ಈಗ ಹೇಳ್ದಂಗ ಹೇಳೂದು. ಬಾಜೂಕ ಕುಂತು.”

ಸುಟ್ಟ ರೊಟ್ಟಿಯನ್ನು ತೆಗೆದು ಬದಿಗಿಟ್ಟರು. ನೇಮದ ಮಾತು ಅವರಿಗೆ ಅಷ್ಟು ಹಗುರವಾಗಿರಲಿಲ್ಲ. ದೇವರ ಮುಂದೆ ಬಿಟ್ಟದ್ದು ಬಿಟ್ಟದ್ದೇ ಎಂದು ಬಾಳಿದವರು. ತುಂಬ ಹೊತ್ತು ಹಿಟ್ಟು ನಾದಿದರು. ಅವರ ತವರಿನಲ್ಲಿ ಒಂದು ರೂಢಿ ಇತ್ತಂತೆ: ನೇಮ ಹಿಡಿದವರು ಹಾಸಿಗೆ ಹಿಡಿದರೆ ಮನೆಯ ಇನ್ನೊಬ್ಬರು ಆ ನೇಮವನ್ನು ಹೊರಬೇಕು.

“ನಿಂದ್ ನಾ ಹೊರ್ತೇನಿ. ಆದ್ರ ನಾ ಗುಳಿಗಿ ತಗೊಂಬಾಕಿನೇ ಅಲ್ಲ, ಬಿಡೂದೇನ್?” ಎಂದು ಯೋಚಿಸಿ, ಬುಟ್ಟಿಯ ಕಡೆ ನೋಡಿದರು. “ಖಡಕ್ ರೊಟ್ಟಿ ಬಿಟ್ಟೆ ಹೋಗು. ನೀ ಕಡಿಯೂ ತನಕ ನಾನೂ ಕಡಿಯಂಗಿಲ್ಲ.”

“ಬ್ಯಾಡ್ರಿ ಅತ್ತಿ, ಶ್ರಾವಣ ಮುಗದ್ರೂ ಇದು ಮುಗ್ಯಂಗಿಲ್ಲ.”

“ಸಾಲಿಗಿ ರಜಾ ಇದ್ದಂಗ ನನ್ನ ಹಲ್ಲಿಗಿ ರಜಾ. ನೀ ಗುಳಿಗಿ ತಗೋ.”

ಅಂದಿನಿಂದ ನಮ್ಮಿಬ್ಬರ ತಾಟಿನಲ್ಲೂ ಮುರಿದ ರೊಟ್ಟಿ ಬಿಸಿ ಬೇಳೆಯಲ್ಲಿ ನೆನೆಯತೊಡಗಿತು. ಶ್ರಾವಣ ಮುಗಿಯಿತು, ಅತ್ತೆ ಚಹಾ ಕುಡಿದರು, ಸಂಗಮೇಶ ರಾಜಾರೋಷವಾಗಿ ಪಾನು ಹಾಕಿಕೊಂಡರು, ರೊಟ್ಟಿ ಮಾತ್ರ ನೆನೆಯುತ್ತಲೇ ಇತ್ತು. ಕಬ್ಬಿನ ಗಾಡಿಗಳು ರಸ್ತೆಗೆ ಬಂದವು. ಡಾಕ್ಟರಮ್ಮ ಗುಳಿಗೆಯನ್ನು ಒಂದೊಂದು ಮೆಟ್ಟಿಲು ಇಳಿಸುತ್ತಿದ್ದರು. ಇಳಿದಾಗಲೆಲ್ಲ ದವಡೆ ಕೆಲವು ದಿನ ಗೊಣಗುತ್ತಿತ್ತು, ನಾವು ಕಾಯುತ್ತಿದ್ದೆವು. ಬುಟ್ಟಿಯ ರೊಟ್ಟಿ ಒಬ್ಬ ಸಂಗಮೇಶನಿಗಾಗಿ ಇರುತ್ತಿತ್ತು. ಒಬ್ಬನೇ ಕಡಿಯುವ ಸದ್ದು ಅಷ್ಟು ಒಂಟಿಯಾಗಿ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

ಎಳ್ಳ ಅಮಾವಾಸ್ಯೆಗೆ ಬಗದಲ್ ಊರಿಗೆ, ಅತ್ತೆಯ ತಮ್ಮನ ಹೊಲಕ್ಕೆ ಹೋದೆವು. ಕಡಲೆ ಬೆಳೆದ ಹೊಲದ ನಡುವೆ ಎಲ್ಲರೂ ಕೂತು ಸೊಪ್ಪು ಕಾಳುಗಳ ಭಜ್ಜಿ, ಅಂಬಲಿ, ಎಳ್ಳು ಹಚ್ಚಿದ ಸಜ್ಜೆಯ ಖಡಕ್ ರೊಟ್ಟಿ ಉಣ್ಣುವ ದಿನ ಅದು. ಸುತ್ತಲೂ ಅಷ್ಟು ಬಾಯಿಗಳು ಸದ್ದು ಮಾಡುತ್ತಿದ್ದವು, ಅತ್ತೆ ಮಾತ್ರ ಅಂಬಲಿ ಕುಡಿಯುತ್ತ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಒಂದು ರೊಟ್ಟಿ ತೆಗೆದುಕೊಂಡು, ಅವರಿಗೆ ಕಾಣುವ ಹಾಗೆ, ಕಡಿದೆ. ಬಿಸಿ ಮೊಳೆ ಕಿವಿಯ ಮುಂದೆ ಇಳಿಯಿತು. ನಕ್ಕೆ.

“ಕಣ್ಣ ತೋರ್ಸು,” ಎಂದರು ಅತ್ತೆ. ಗಲ್ಲ ಹಿಡಿದು ಮುಖ ತಿರುಗಿಸಿ ನೋಡಿದರು. “ನೀರ್ ಬಂದಾವ. ಸುಳ್ಳ್ ಸುಳ್ಳ್ ಯಾಕ ಕಡೀತೀಯವ್ವಾ? ನನಗೇನ್ ಗಡಿಬಿಡಿ ಅದ? ಬಸ್ಸಿನ್ಯಾಗಿಂದ ಮತ್ತ ಹಾರಬ್ಯಾಡ.”

ಡಾಕ್ಟರಮ್ಮನ ಆ ಮಾತನ್ನು ಅವರಿಗೆ ನಾನೇ ಹೇಳಿದ್ದೆ. ಅದನ್ನು ಅವರು ಹೀಗೆ ಜೋಪಾನ ಮಾಡಿಟ್ಟುಕೊಂಡಿದ್ದರು.

ಗೆಳೆಯರೇ, ಆ ಹೊಲದಲ್ಲಿ ನನ್ನ ದವಡೆ ಯಾವುದೋ ಒಂದು ಹಿಡಿತವನ್ನು ಬಿಟ್ಟಿತೆಂದು ನನಗೆ ಅನ್ನಿಸುತ್ತದೆ. ನೋವು ಹೋಗಲಿಲ್ಲ, ಬೇಗ ಗುಣವಾಗಬೇಕೆಂಬ ಗಡಿಬಿಡಿ ಹೋಯಿತು. ನನಗಾಗಿ ಒಬ್ಬರು ಕಾಯುತ್ತಿದ್ದಾರೆ ಎನ್ನುವುದು ಅಲ್ಲಿಯವರೆಗೆ ನನ್ನ ಹೆಗಲ ಮೇಲಿನ ಭಾರವಾಗಿತ್ತು. ಕಾಯುವುದು ಅವರಿಗೆ ಭಾರವಾಗಿಲ್ಲ ಎಂದು ತಿಳಿದ ಮೇಲೆ ಅದೇ ನನಗೆ ಒರಗುವ ಗೋಡೆಯಾಯಿತು. ಮಧ್ಯಾಹ್ನದ ಆ ಅಳು ಮುಂದೆಯೂ ಒಂದೆರಡು ಸಲ ಬಂತು. ಬಂದಾಗ ಅತ್ತೆಯ ಬಾಜೂಕ ಕೂತು ಹೇಳಿದೆ. ಅದು ಬಂದ ಹಾಗೆ ಹೋಯಿತು.

ಬೇಸಿಗೆ ಬಂತು. ಗುಳಿಗೆ ಚೂರಿನಷ್ಟಾಗಿತ್ತು, ಇನ್ನೂ ಪೂರ್ತಿ ನಿಂತಿರಲಿಲ್ಲ. ಶಾಲೆಗೆ ರಜೆ. ಅತ್ತೆ ಅಂಗಳದ ನೆರಳಿನಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದರು. ನಾನು ಒಳಗೆ ಒಬ್ಬಳೇ ಇದ್ದೆ, ಹಸಿವಾಗಿತ್ತು. ಯಾವ ಯೋಚನೆಯೂ ಇಲ್ಲದೆ ಬುಟ್ಟಿಯ ಬಿಳಿ ಬಟ್ಟೆ ಸರಿಸಿ ಒಂದು ರೊಟ್ಟಿ ತೆಗೆದು ಅಂಚು ಕಡಿದೆ. ಸದ್ದು ಕೇಳಿದ ಮೇಲೆಯೇ ನನಗೆ ತಿಳಿದದ್ದು, ಕಡಿದೆ ಎಂದು. ಹಾಗೇ ನಿಂತು ಮೊಳೆಗಾಗಿ ಕಾದೆ. ನೋವು ಎಲ್ಲೋ ದೂರದಲ್ಲಿ, ನಮ್ಮ ಊರಿನಲ್ಲಿ ನಿಲ್ಲದ ರೈಲಿನ ಹಾಗೆ, ಹಾದುಹೋಯಿತು.

ಅಂಗಳದಲ್ಲಿ ಮೊರದ ಸದ್ದು ನಿಂತಿತು. ಅತ್ತೆ ಹೊಸ್ತಿಲಿಗೆ ಬಂದು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಗಲ್ಲ ಹಿಡಿದರು. “ಕಣ್ಣ ತೋರ್ಸು.”

ತೋರಿಸಿದೆ. ಒಣಗಿದ್ದವು.

ಅವರು ಕೆಳಗೆ ಕೂತರು, ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು, ಎಲ್ಲಕ್ಕಿಂತ ಬಿರುಸಾದ ರೊಟ್ಟಿಯನ್ನು ಹುಡುಕಿ ತೆಗೆದು, ಒಮ್ಮೆ ಕಡಿದು, ಮನೆಯೆಲ್ಲ ಕೇಳುವ ಹಾಗೆ ಅಗಿಯುತ್ತ ಕೇಳಿದರು:

“ಶೇಂಗಾ ಹಿಂಡಿ ಎಲ್ಲಿಟ್ಟೀಯವ್ವಾ?”