ಓರ್ವಿಲ್ ಮೇಷ್ಟ್ರ ಕೆಂಪು ಪೆನ್ನು

ಅಮೆರಿಕದ ಒಹಾಯೋ ರಾಜ್ಯದ ಸಣ್ಣ ಊರೊಂದರಲ್ಲಿ ಮೂವತ್ತು ವರ್ಷ ಪೌರನೀತಿ ಕಲಿಸಿದ ಓರ್ವಿಲ್ ಮೇಷ್ಟ್ರು ನಿವೃತ್ತರಾದರು, ಅವರ ಕೆಂಪು ಪೆನ್ನು ಮಾತ್ರ ನಿವೃತ್ತವಾಗಲಿಲ್ಲ. ಬೆಳಗಾದರೆ ಹೋಟೆಲಿನ ಮೂಲೆಯಲ್ಲಿ ಸೇಬಿನ ಪೈ ತಿನ್ನುತ್ತ ದಿನಪತ್ರಿಕೆ ತಿದ್ದುತ್ತಾರೆ, ಅಧ್ಯಕ್ಷರ ಒಂದೊಂದು ಆಜ್ಞೆಯ ಪಕ್ಕದಲ್ಲೂ "ಯಾರನ್ನು ಕೇಳಿ?" ಎಂದು ಬರೆಯುತ್ತಾರೆ. "ಸುಪ್ರೀಂ ಕೋರ್ಟ್ ಜಡ್ಜುಗಳಿಗೆ ಹದಿನೆಂಟೇ ವರ್ಷ ಕೊಡ್ಬೇಕು ಕಣ್ರಯ್ಯಾ. ಸಾಯೋವರೆಗೂ ಕುರ್ಚಿ ಅಂದ್ರೆ ಕೂತಲ್ಲೇ ಬೇರು ಬಿಡ್ತಾರೆ!" ಎಂದು ಪಕ್ಕದ ಮೇಜಿಗೂ ಪಾಠ. ಅಧ್ಯಕ್ಷರ ಪರ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮರುದಿನ, ಕಾಫಿ ಸುರಿಯುತ್ತಿದ್ದ ಹಳೆಯ ಶಿಷ್ಯೆ ಟ್ವೈಲಾ ಕೆಣಕಿದಳು: "ಮೇಷ್ಟ್ರೇ, 'ಅಧ್ಯಕ್ಷರು ಏನು ಬೇಕಾದ್ರೂ ಮಾಡಬಹುದು' ಅಂತ ಬರೆದಿದ್ದಕ್ಕೆ ನಂಗೆ ಸೊನ್ನೆ ಹಾಕಿದ್ರಲ್ಲ, ಈಗ ಮಾರ್ಕು ಕೊಡಿ." ಮೇಷ್ಟ್ರು ಮುಟ್ಟದ ಪೈಯನ್ನು ಪಕ್ಕಕ್ಕೆ ಸರಿಸಿ, ತೀರ್ಪಿನ ಸುದ್ದಿಯ ಮೇಲೆ ದೊಡ್ಡದೊಂದು ಸೊನ್ನೆ ಸುತ್ತಿದರು. "ಆ ಉತ್ತರ ಈಗ್ಲೂ ತಪ್ಪೇ ಕಣಮ್ಮ. ಈ ಸಲ ನಿನ್ ಜೊತೆ ಕೋರ್ಟೂ ಫೇಲು."