ಬೆಟ್ಟದ ಹಿಂದಿದ್ದ ಸಂಕಷ್ಟಿ ಚಂದ್ರ

ಗೆಳೆಯರೇ, ಇವತ್ತು ಚಾಮುಂಡಿ ಬೆಟ್ಟದ ಬುಡದ ವಿದ್ಯಾರಣ್ಯಪುರದ ನಮ್ಮ ಮಹಡಿಯಲ್ಲಿ ಪಂಚಾಂಗದ ಎದುರು ನನ್ನ ರಟ್ಟಿನ ದುರ್ಬೀನು ಗೆದ್ದಿತು.

ಸಂಕಷ್ಟಿಯ ಚಂದ್ರೋದಯ ಎಂಟು ಮೂವತ್ತೇಳಕ್ಕೆ ಎಂದು ಪಂಚಾಂಗದಲ್ಲಿತ್ತು. ಹೊತ್ತು ಮೀರಿದರೂ ಚಂದ್ರನಿಲ್ಲ. ಬೆಳಗಿನಿಂದ ಉಪವಾಸವಿದ್ದ ಸೋದರತ್ತೆ ನನ್ನ ಮೇಲೆ ಹರಿಹಾಯ್ದರು.

“ತಿಂಗಳಿಂದ ಆಕಾಶ ನೋಡ್ತಿದೀಯಲ್ಲೋ, ಚಂದ್ರ ಎಲ್ಲಿ?”

“ಚಾಮುಂಡಿ ಬೆಟ್ಟದ ಹಿಂದಿದಾನೆ ಅತ್ತೆ. ಪಂಚಾಂಗ ಬೆಟ್ಟವನ್ನ ಲೆಕ್ಕಕ್ಕೆ ತಗೊಂಡಿಲ್ಲ. ನಾನು ದುರ್ಬೀನಲ್ಲಿ ನೋಡಿ ಅಳೆದಿದೀನಿ, ಒಂಬತ್ತಕ್ಕೆ ಬರ್ತಾನೆ.”

“ಬರದಿದ್ರೆ ನಿನ್ನ ದುರ್ಬೀನು ಒಲೆಗೆ ಕಣೋ.”

ಕೆಳಗೆ ರೇಡಿಯೋದಲ್ಲಿ ಒಂಬತ್ತರ ವಾರ್ತೆ ಶುರುವಾಯಿತು. ಬೆಟ್ಟದ ನೆತ್ತಿಯಲ್ಲಿ ಚಂದ್ರ ಇಣುಕಿದ.

ಅತ್ತೆ ಅರ್ಘ್ಯ ಬಿಟ್ಟು, ಮೊದಲ ಕಡುಬನ್ನು ನನಗೇ ಕೊಟ್ಟರು. ದುರ್ಬೀನಿಗೂ ಭಕ್ತಿಯಿಂದ ಕುಂಕುಮವಿಟ್ಟರು, ಸರಿಯಾಗಿ ಗಾಜಿನ ನಡುವೆ. ಒರೆಸಲು ಹೋದರೆ, “ಮುಟ್ಬೇಡ, ಅದು ದೇವರು” ಅನ್ನುತ್ತಾರೆ.

ಗೆದ್ದ ದುರ್ಬೀನಿಗೆ ಈಗ ಏನೂ ಕಾಣುವುದಿಲ್ಲ.